ದೆಂದೆರಾ ಟೂರ್: ಗುಡಿಗೆ ಐದು ಸ್ಟಾರ್, ಗೈಡ್‌ಗೆ ಎರಡೇ

ಈಜಿಪ್ಟ್‌ನ ಲಕ್ಸರ್‌ನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ಹೋದರೆ ದೆಂದೆರಾ. ಹಾಥೋರ್ ದೇವಿಯ ಗುಡಿ. ಒಳಗೆ ಕಾಲಿಟ್ಟ ಕೂಡಲೇ 24 ದೊಡ್ಡ ಕಂಬಗಳು, ಅವುಗಳ ತುದಿಯಲ್ಲಿ ಹಸುವಿನ ಕಿವಿಯ ದೇವಿಯ ಮುಖ, ಮೇಲೆ ನೋಡಿದರೆ ಮಸಿ ತೊಳೆದು ಹೊರಬಂದ ನೀಲಿ ಚಾವಣಿ. ಕತ್ತು ನೋವು ಗ್ಯಾರಂಟಿ.

ಆದರೆ ಗೈಡ್? 'ಪ್ರೀತಿಯ ದೇವತೆ, ಸಂಗೀತದ ದೇವತೆ' ಅಂತ ಎರಡು ಮಾತು ಹೇಳಿ ಸುಮ್ನೆ ನಿಂತುಬಿಟ್ಟರು. ಮಜಾ ಇರುವುದೇ ಈಕೆಯ ನೆಂಟಸ್ತಿಕೆಯಲ್ಲಿ ಅಲ್ವಾ! ಸೂರ್ಯದೇವ ರಾನ ಕಣ್ಣು ಈಕೆ. ಅವನು ಮನುಷ್ಯರ ಮೇಲೆ ಸಿಟ್ಟಾಗಿ ಕಳಿಸಿದಾಗ ಸಿಂಹಮುಖದ ಉಗ್ರದೇವತೆ ಸೆಖ್ಮೆತ್ ಆಗಿ ರಕ್ತ ಕುಡಿಯುತ್ತಾ ಹೊರಟವಳನ್ನು ತಡೆಯಲು ಕೆಂಪು ಬಣ್ಣ ಬೆರೆಸಿದ ಬಿಯರ್ ಹೊಲದ ತುಂಬಾ ಸುರಿಯಬೇಕಾಯಿತು, ಕುಡಿದು ಮತ್ತೇರಿ ಕೊಲ್ಲುವುದನ್ನೇ ಮರೆತಳು. ಹಾಥೋರ್ ಅನ್ನೋ ಹೆಸರಿನ ಅರ್ಥ 'ಹೋರಸ್‌ನ ಮನೆ', ಹೋರಸ್ ಅಂದರೆ ಗಿಡುಗನ ಮುಖದ ದೇವರು. ನೈಲ್ ದಂಡೆಯ ಎದ್ಫು ಊರಿನ ಹೋರಸ್ ಇಲ್ಲಿ ಗಂಡ, ಇಹಿ ಮಗ. ವರ್ಷಕ್ಕೊಮ್ಮೆ ದೇವಿಯ ಮೂರ್ತಿ ನೈಲ್‌ನಲ್ಲಿ ದೋಣಿ ಏರಿ ಎದ್ಫುವಿಗೆ ಹೋಗುತ್ತಿತ್ತು. ನಮ್ಮ ಉತ್ಸವಮೂರ್ತಿಗಳ ಹಾಗೆಯೇ! ಇದನ್ನೆಲ್ಲ ನಾನೇ ಓದಿಕೊಂಡು ಹೋಗಿದ್ದೆ, ಪುಣ್ಯ.

ಗುಡಿಯ ಹಿಂಬದಿಯಲ್ಲಿ ಐಸಿಸ್ ದೇವಿಗೂ ಚಿಕ್ಕ ಗುಡಿ ಇದೆ. ಹಾಥೋರ್‌ನ ಕೊಂಬು, ಸೂರ್ಯಬಿಂಬ ಎರಡನ್ನೂ ಐಸಿಸ್ ತಲೆಗೇರಿಸಿಕೊಂಡಳು, ಹಾಗಾಗಿ ಯಾರು ಯಾರು ಅಂತ ಗೊಂದಲ ಜಾಸ್ತಿ. ಗೈಡ್ ಅತ್ತ ಕರೆದೊಯ್ಯಲೇ ಇಲ್ಲ. ದೊಡ್ಡ ಗುಡಿಯ ಹಿಂಗೋಡೆಯಲ್ಲಿ ಕೆತ್ತಿದ ರಾಣಿ ಕ್ಲಿಯೋಪಾತ್ರಾಳನ್ನೂ ನಾವೇ ಹುಡುಕಿದೆವು. ರಾಶಿಚಕ್ರದ ಚಾವಣಿ ನಕಲು, ಅಸಲಿ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದನ್ನಾದರೂ ಹೇಳಬಹುದಿತ್ತು.