ನೈರೋಬಿಯಲ್ಲಿ ಒಂದೇ ಹಗಲು: ಸೂಪರ್‌ಮಾರ್ಕೆಟ್ಟೋ, ಸಿಟಿ ಪಾರ್ಕೋ, ಡೈಮಂಡ್ ಪ್ಲಾಜಾನೋ?

ಹಳ್ಳಿಗಾಡಿನ ಮಿಷನ್‌ನಿಂದ ಅಪರೂಪಕ್ಕೆ ನೈರೋಬಿಗೆ ಇಳಿಯುವ ನಮ್ಮ ಕಡೆಯ ಸಿಸ್ಟರು, ಫಾದರುಗಳಿಗೆ ಸಿಗುವುದು ಒಂದು ಹಗಲು. ಸಾಮಾನು ಖರೀದಿಯನ್ನೆಲ್ಲ ಒಂದೇ ಸೂಪರ್‌ಮಾರ್ಕೆಟ್ಟಿನಲ್ಲಿ ಮುಗಿಸುವ ಆಸೆ ಹುಟ್ಟುತ್ತದೆ. ಮೂರೂ ಕಡೆ ಕೊಂಡು, ತಂದು, ಬೇಯಿಸಿ ನೋಡಿದ ಮೇಲೆ ಅದು ಬೇಡ ಅನ್ನುತ್ತೇವೆ.

ಸೂಪರ್‌ಮಾರ್ಕೆಟ್ಟಿನಲ್ಲಿ ಬೆಲೆಯ ಚೀಟಿ ಇರುತ್ತದೆ, ಕಾನ್ವೆಂಟಿನ ಲೆಕ್ಕಕ್ಕೆ ಬಿಲ್ಲೂ ಸಿಗುತ್ತದೆ. ಆದರೆ ಸೋಪು, ಎಣ್ಣೆ, 2 ಕಿಲೋ ಪ್ಯಾಕೆಟ್ಟಿನ ಉಂಗಾ (ಮೆಕ್ಕೆಜೋಳದ ಹಿಟ್ಟು) ಇವೆಲ್ಲ ನಕುರು, ಕಿಸುಮುವಿನಂಥ ಬೇರೆ ಊರುಗಳಲ್ಲೂ ಸಿಗುತ್ತವೆ. ನೈವಾಸ್ ಸೂಪರ್‌ಮಾರ್ಕೆಟ್ ಅಲ್ಲೂ ಇದೆ. ಆ ಕಡೆಯವರು ದಾರಿಯಲ್ಲೇ ಕೊಳ್ಳಲಿ.

ಕಾಳು, ತರಕಾರಿಗೆ ಪಾರ್ಕ್‌ಲ್ಯಾಂಡ್ಸ್‌ನ ಸಿಟಿ ಪಾರ್ಕ್ ಮಾರುಕಟ್ಟೆಯೇ ಮೇಲು. ಹಾಗಲ, ಬೆಂಡೆ, ನುಗ್ಗೆ ಎಲ್ಲ ಕಾಣುತ್ತವೆ. ಕೊತ್ತಂಬರಿಗೆ 'ದನಿಯಾ' ಅಂದರೆ ಸಾಕು, ಸ್ವಾಹಿಲಿಯಲ್ಲೂ ಅದೇ ಮಾತು. ಹೆಸರುಕಾಳು 'ಎನ್‌ಡೆಂಗು', ತೊಗರಿ 'ಎಂಬಾಜಿ'. 'ಎನ್‌ಜಾಹಿ' ಅಂದರೆ ಕಪ್ಪು ಮೈಯ, ಬಿಳಿ ಮೂಗಿನ ಕಾಳು. ಬೇರೇನೂ ಅಲ್ಲ, ನಮ್ಮ ಅವರೆಯ ಬಳಗವೇ. ಸಂತೆಗಳಲ್ಲಿ ಕಾಳನ್ನು ಗೊರೊಗೊರೊ ಎಂಬ ಸುಮಾರು 2 ಕಿಲೋ ಹಿಡಿಯುವ ಡಬ್ಬಿಯಲ್ಲಿ ಅಳೆಯುವುದುಂಟು. ಅಳೆಯುವ ಮೊದಲು ಡಬ್ಬಿಯ ತಳ ನೋಡಿ: ಒಳಕ್ಕೆ ತಗ್ಗಿದ್ದರೆ ಅಷ್ಟು ಕಾಳು ಕಮ್ಮಿ. ಒಂದು ಹಿಡಿ ಅಂಗೈಗೆ ಸುರಿದು ತೂತು, ಹಿಟ್ಟಿನ ಧೂಳು ಇದೆಯೇ ಗಮನಿಸಿ. ಹಳೇ ಕಾಳು ಬೇಗ ಬೇಯುವುದಿಲ್ಲ. ನೈರೋಬಿ ಸುಮಾರು 1,800 ಮೀಟರ್ ಎತ್ತರದಲ್ಲಿದ್ದು, ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ರಾತ್ರಿಯಿಡೀ ನೆನೆಸಿ, ಕುಕ್ಕರಿಗೇ ಹಾಕಿ.

ಕುಕ್ಕರ್ ಅಂದಾಗ ಭಾರತೀಯ ಅಂಗಡಿಗಳ ಸಂಕೀರ್ಣ ಡೈಮಂಡ್ ಪ್ಲಾಜಾ ನೆನಪಾಗುತ್ತದೆ, ಅದೂ ಪಾರ್ಕ್‌ಲ್ಯಾಂಡ್ಸ್‌ನಲ್ಲೇ. ಗ್ಯಾಸ್ಕೆಟ್ ಹುಡುಕುವುದಿದ್ದರೆ ಹಳೆಯದನ್ನು ಚೀಲದಲ್ಲಿ ಒಯ್ಯಿರಿ. '5 ಲೀಟರಿಂದು' ಅಂತ ಬಾಯಲ್ಲಿ ಹೇಳಿ ತಂದದ್ದು ಬೇರೆ ಕಂಪನಿಯ ಮುಚ್ಚಳಕ್ಕೆ ಕೂರುವುದಿಲ್ಲ, ಪಕ್ಕದಿಂದ ಆವಿ ಹೋಗುತ್ತದೆ. ಇಂಗು, ಸಾಸಿವೆ, ಹಪ್ಪಳ, ಉಪ್ಪಿನಕಾಯಿಗೆ ಇಲ್ಲಿಗೇ ಬನ್ನಿ. ಬೇಳೆಗೆ ಮಾತ್ರ ಬೇಡ, ಮಾರುಕಟ್ಟೆಗಿಂತ ದುಬಾರಿ ಬೀಳುತ್ತದೆ. ಊಟವೂ ಇಲ್ಲೇ ಆಗಲಿ. ಫುಡ್ ಕೋರ್ಟಿನಲ್ಲಿ ಕುರ್ಚಿ ಎಳೆಯುವಷ್ಟರಲ್ಲಿ ಐದಾರು ಮಂದಿ ತಮ್ಮ ತಮ್ಮ ಮೆನು ಹಿಡಿದು ಮುತ್ತಿಕೊಳ್ಳುತ್ತಾರೆ. ಗಾಬರಿ ಬೇಡ, ಒಂದು ಮೆನು ಹಿಡಿದುಕೊಂಡರೆ ಮಿಕ್ಕವರು ಚದುರುತ್ತಾರೆ. ಹಿಟ್ಟು ಮೆತ್ತಿ ಕರಿದ ಆಲೂಗಡ್ಡೆ ಭಜಿಯಾ, ಜೊತೆಗೆ ಕಬ್ಬಿನ ಹಾಲು: ತಿಂಗಳುಗಟ್ಟಲೆ ಉಗಾಲಿ (ಮೆಕ್ಕೆಜೋಳದ ಮುದ್ದೆ), ಸುಕುಮಾ ವಿಕಿ (ಸೊಪ್ಪಿನ ಪಲ್ಯ) ಉಂಡ ನಾಲಿಗೆಗೆ ಇದಕ್ಕಿಂತ ಇನ್ನೇನು ಬೇಕು!

ಹಣ ಎಂ-ಪೆಸಾದಲ್ಲಿ (ಮೊಬೈಲಿನಿಂದ ಹಣ ಕಳಿಸುವ ಸೇವೆ) ಕಟ್ಟುವಾಗ ಅಂಗಡಿಯ ಟಿಲ್ ನಂಬರ್ (ಅಂಗಡಿಗೆಂದೇ ಇರುವ ಪಾವತಿ ಸಂಖ್ಯೆ) ಕೇಳಿ. ವ್ಯಾಪಾರಿಯ ಸ್ವಂತ ಫೋನಿಗೆ ಕಳಿಸಿದರೆ ಶುಲ್ಕ ನಿಮ್ಮ ತಲೆಗೆ. ಬಟ್ಟೆ ಚೀಲ ನಾಲ್ಕಾದರೂ ಇರಲಿ, 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. ಕಾಳು ಬೆಳಿಗ್ಗೆ, ಊಟ ಮಧ್ಯಾಹ್ನ, ಸೊಪ್ಪು ಕಟ್ಟಕಡೆಗೆ. ದನಿಯಾವನ್ನು ಪೇಪರಿನಲ್ಲಿ ಸುತ್ತಿ ಚೀಲದ ಮೇಲ್ಗಡೆ ಇಡಿ. ಸಂಜೆ ಮಳೆ ಹನಿದರೆ ಮಟಾಟು (ಖಾಸಗಿ ಮಿನಿಬಸ್ಸು) ದರ ಏರುತ್ತದೆ, ರಸ್ತೆ ಕಟ್ಟಿಕೊಳ್ಳುತ್ತದೆ. ಮೂರು ಗಂಟೆಗೆಲ್ಲ ಹೊರಟುಬಿಡಿ.