ಕಿವಿಯ ಸುಂಯ್ ಸದ್ದಿಗೆ ತಲೆಗೆ ಕರೆಂಟ್: ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ

ಐದಕ್ಕೆ ಎರಡೂವರೆ ಸ್ಟಾರ್ ಕೊಡುತ್ತೇನೆ. ಯಂತ್ರ ಕೆಟ್ಟದ್ದು ಅಂತಲ್ಲ. ಮಾರುವಾಗ ಹೇಳಿದ್ದು ಒಂದು, ಮನೆಗೆ ಬಂದ ಮೇಲೆ ಕಂಡದ್ದು ಇನ್ನೊಂದು.

ನಮ್ಮದು ಬನಹಟ್ಟಿ, ಮಗ್ಗದ ಮನೆತನ. ಪವರ್‌ಲೂಮ್ ಶೆಡ್ಡಿನಲ್ಲಿ ಲಾಳಿ ಬಡಿಯುವ ಸದ್ದು 90 ಡೆಸಿಬೆಲ್ ದಾಟುತ್ತದೆ, ಪಕ್ಕದವರ ಜೊತೆ ಮಾತೆಲ್ಲ ಕೈಸನ್ನೆಯಲ್ಲೇ. ವರ್ಷಗಟ್ಟಲೆ ಹಾಗೇ ದುಡಿದ ಮೇಲೆ ಎರಡೂ ಕಿವಿಯಲ್ಲಿ ಸುಂಯ್ ಅಂತ ಶುರುವಾಯಿತು. ಮಗ್ಗ ಓಡುವಾಗ ಗೊತ್ತೇ ಆಗುವುದಿಲ್ಲ. ಕರೆಂಟ್ ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು ಅನ್ನಿ, ಆಗ ನೋಡಿ ಅದರ ಆಟ.

ಬೆಳಗಾವಿಯಲ್ಲಿ ಕಿವಿ ಡಾಕ್ಟರಿಗೆ ತೋರಿಸಿದೆ. ಎಷ್ಟು ಕೇಳಿಸುತ್ತದೆ ಅಂತ ತೋರಿಸುವ ನಕ್ಷೆ, ಅಂದರೆ ಆಡಿಯೋಗ್ರಾಮ್‌ನಲ್ಲಿ ಗೆರೆ 4000 ಹರ್ಟ್ಸ್ ಹತ್ತಿರ ಕೆಳಗೆ ಕುಸಿದಿತ್ತು. ಸದ್ದಿನಲ್ಲಿ ದುಡಿದವರಿಗೆ ಆಗುವುದೇ ಹೀಗಂತೆ. ಕಿವಿಯಿಂದ ಬರಬೇಕಾದ ಸದ್ದು ಬರದಿದ್ದಾಗ ಮೆದುಳು ತಾನೇ ವಾಲ್ಯೂಮ್ ಏರಿಸಿಕೊಳ್ಳುತ್ತದೆ, ಆ ಸುಂಯ್ ಹುಟ್ಟುವುದು ಅಲ್ಲಿ ಎಂದರು.

ಆ ಸುಂಯ್ ತಗ್ಗಲಿ ಅಂತ ನಾನು ಕೊಂಡ ಯಂತ್ರದ ಹೆಸರು ಟಿಡಿಸಿಎಸ್, ಅಂದರೆ ತಲೆಯ ಮೇಲಿನಿಂದ ಮೆದುಳಿಗೆ ಸಣ್ಣ ಕರೆಂಟ್ ಹಾಯಿಸುವುದು. ತಲೆಗೊಂದು ಪಟ್ಟಿ, ಎರಡು ಸ್ಪಂಜಿನ ಎಲೆಕ್ಟ್ರೋಡ್, ಮೊಬೈಲಿನಲ್ಲೊಂದು ಆ್ಯಪ್. ಬ್ಯಾಟರಿಯಿಂದ 1ರಿಂದ 2 ಮಿಲಿಆಂಪಿಯರ್ ಕರೆಂಟ್, ಒಂದು ಸಲಕ್ಕೆ 20 ನಿಮಿಷ. ಸಿನಿಮಾದಲ್ಲಿ ತೋರಿಸುವ ಶಾಕ್ ಇದಲ್ಲ. ಇಷ್ಟು ಸಣ್ಣ ಕರೆಂಟ್ ನರಕೋಶಗಳನ್ನು ಸ್ವಲ್ಪ ಚುರುಕು ಅಥವಾ ಸ್ವಲ್ಪ ಮಂದ ಮಾಡುತ್ತದೆ, ಅಷ್ಟೇ. ಆದರೂ ನಮ್ಮ ಮನೆಯವರು ಮೊದಲ ದಿನ ಬಾಗಿಲಲ್ಲೇ ನಿಂತು, "ಏನ್ರೀ ಇದು, ತಲೀಗೆ ಕರೆಂಟ್ ಕೊಟ್ಕೊಂಡು ಕುಂತೀರಲ್ಲ!" ಅಂದರು.

ನಿಜವಾದ ಕಾಟ ಸ್ಪಂಜಿನದು. ನಲ್ಲಿ ನೀರು ನಡೆಯಲ್ಲ, ಮೆಡಿಕಲ್ ಶಾಪಿನ ಸಲೈನ್ ಬೇಕು. ಜಾಸ್ತಿ ಹಾಕಿದರೆ ಹಣೆ ಮೇಲೆ ಸುರಿಯುತ್ತದೆ, ಕಡಿಮೆಯಾದರೆ ಚುರುಚುರು ಉರಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಆ್ಯಪ್ 'ಸಂಪರ್ಕ ಸರಿಯಿಲ್ಲ' ಅಂತ ಕೂತುಬಿಡುತ್ತದೆ. ನಮ್ಮ ಕಡೆಯ ಬೇಸಿಗೆ ಗೊತ್ತಲ್ವಾ, ಏಪ್ರಿಲ್‌ನಲ್ಲಿ 20 ನಿಮಿಷ ಮುಗಿಯುವುದರೊಳಗೆ ಸ್ಪಂಜಿನ ಅಂಚು ಒಣಗಿರುತ್ತದೆ. ಒಣಗಿದ ಜಾಗದಲ್ಲಿ ಚರ್ಮ ಸುಡುವುದೂ ಉಂಟು. ನನಗೆ ಕೆಂಪು ಗುರುತು ಬಿದ್ದಿತ್ತು, ಮರುದಿನ ಹೋಯಿತು. ಅರ್ಧದಲ್ಲಿ ನಿಲ್ಲಿಸಿ ಮತ್ತೆ ಒದ್ದೆ ಮಾಡಿಕೊಳ್ಳಿ, ಹಟ ಬೇಡ.

ಈಗ ಮುಖ್ಯ ಮಾತು. ಸದ್ದು ಕಡಿಮೆಯಾಗಿಲ್ಲ. ಅದರ ಕಿರಿಕಿರಿ ಕಡಿಮೆಯಾಗಿದೆ, ನಿದ್ದೆ ಪರವಾಗಿಲ್ಲ. ಟಿಎಚ್‌ಐ ಅಂತ, ಸುಂಯ್ ಎಷ್ಟು ಕಾಡುತ್ತದೆ ಎಂದು ಅಳೆಯುವ 25 ಪ್ರಶ್ನೆಗಳ ಪಟ್ಟಿ ಇದೆ, ನೂರಕ್ಕೆ ಅಂಕ; ಕಡಿಮೆಯಾದಷ್ಟೂ ಒಳ್ಳೆಯದು. ನನ್ನ ಅಂಕ ಮೊದಮೊದಲು ಚೆನ್ನಾಗಿ ಇಳಿದು ಆಮೇಲೆ ಅಲ್ಲೇ ನಿಂತಿತು. ಆದರೆ ಅದೇ ಸಮಯಕ್ಕೆ ಹಿಯರಿಂಗ್ ಏಡ್ ಕೂಡ ಹಾಕಿಕೊಂಡಿದ್ದೆ. ಪುಣ್ಯ ಯಾರದು ಅಂತ ಹೇಗೆ ಹೇಳೋದು? ಸಂಶೋಧನೆಯವರು ಅರ್ಧ ಜನರಿಗೆ ಸುಳ್ಳು ಕರೆಂಟ್ ಕೊಡುತ್ತಾರಂತೆ: ಮೊದಲು ಅರ್ಧ ನಿಮಿಷ ಚುರುಗುಟ್ಟಿಸಿ ಸುಮ್ನೆ ಆಫ್ ಮಾಡುತ್ತಾರೆ. ಅವರಲ್ಲೂ ಕೆಲವರು ಆರಾಮಾಯಿತು ಅನ್ನುತ್ತಾರೆ. 2017ರಲ್ಲಿ ಯುರೋಪಿನ ತಜ್ಞರು ಈ ವಿಧಾನವನ್ನು ಪರಿಶೀಲಿಸಿ, ತಲೆಯಲ್ಲಿ ಎಡಗಿವಿಗಿಂತ ಸ್ವಲ್ಪ ಮೇಲೆ ಪ್ಲಸ್ ಎಲೆಕ್ಟ್ರೋಡ್ ಇಟ್ಟರೆ ಟಿನ್ನಿಟಸ್ ಅನ್ನುವ ಈ ಕಿವಿಯ ಸುಂಯ್‌ಗೆ ಬಹುಶಃ ಉಪಯೋಗವಿಲ್ಲ ಎಂದೇ ಬರೆದರು. ಹಣೆ ಕಡೆ ಇಡುವ ಪದ್ಧತಿಯೂ ಇದೆ, ನನ್ನದು ಅದು. ಮಾರುವವರ ಜಾಹೀರಾತಿನಲ್ಲಿ ಇದ್ಯಾವುದೂ ಇರಲಿಲ್ಲ.

ನನ್ನ ಲೆಕ್ಕದಲ್ಲಿ ದುಡ್ಡಿಗೆ ತಕ್ಕ ಕೆಲಸ ಮಾಡಿದ್ದು ಹಿಯರಿಂಗ್ ಏಡ್. ಅಮೆರಿಕದ ಕಿವಿ ವೈದ್ಯರ 2014ರ ಮಾರ್ಗಸೂಚಿಯೂ ಕಿವಿ ಮಂದವಿದ್ದವರಿಗೆ ಅದನ್ನೇ ಹೇಳುತ್ತದೆ, ಜೊತೆಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ.

ಮೂರ್ಛೆ ರೋಗ ಇದ್ದವರು, ಪೇಸ್‌ಮೇಕರ್ ಅಥವಾ ತಲೆಯಲ್ಲಿ ಲೋಹ ಇರುವವರು ಇದರ ಹತ್ತಿರ ಹೋಗಬೇಡಿ. ಒಂದೇ ಕಿವಿಯಲ್ಲಿ ದಿಢೀರ್ ಸದ್ದು ಶುರುವಾಗಿ ಕೇಳಿಸುವುದೂ ಕಡಿಮೆಯಾದರೆ, ಅಥವಾ ನಾಡಿ ಬಡಿತದ ಜೊತೆಗೇ ಬಡಿದಂತಾದರೆ ಯಂತ್ರ ಹುಡುಕುತ್ತಾ ಕೂರದೆ ಡಾಕ್ಟರ ಬಳಿ ಓಡಿ.

ಇನ್ನೊಂದು: ಸ್ಪಂಜ್ ಸವೆಯುತ್ತದೆ, ಬದಲಿ ಹೊರಗೆ ಎಲ್ಲೂ ಸಿಗಲ್ಲ. ಕಂಪನಿಯಿಂದಲೇ ತರಿಸಬೇಕು. ಕೊಳ್ಳುವ ಮೊದಲೇ ಅದರ ರೇಟು ಕೇಳಿಕೊಳ್ಳಿ.