ಅಡುಗೆಮನೆಯ ಎರಡು ನಲ್ಲಿ, ಮೂರು ಕಾರ್ಬನ್ ಫಿಲ್ಟರ್: ಹಾಕಿ ನೋಡಿದ್ದರ ಕಥೆ

ಶುರುವಾಗಿದ್ದು ಕಾಫಿಯಿಂದ. ಹೊಸ ಪುಡಿ, ಡಿಕಾಕ್ಷನ್ ಚೆನ್ನಾಗಿಯೇ ಇಳಿದಿತ್ತು. ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಇದೇನೇ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ ಬಚ್ಚಲಿನ ವಾಸನೆ!" ಅವತ್ತು ಅವಸರದಲ್ಲಿ ನೀರು ಕುದಿ ಬರೋ ಮೊದಲೇ ಇಳಿಸಿಬಿಟ್ಟಿದ್ದೆ, ತಪ್ಪು ನನ್ನದೂ ಇತ್ತು ಅನ್ನಿ. ಆದರೆ ಅತ್ತೆ ಹೇಳಿದ್ದು ನಿಜ. ಕಾವೇರಿ ಬಿಟ್ಟ ದಿನ ನಮ್ಮನೆ ನೀರಿಗೆ ಆ ವಾಸನೆ ಇದ್ದೇ ಇರುತ್ತೆ.

ನಮ್ಮದು ಬೆಂಗಳೂರಿನ ಹನುಮಂತನಗರದ ಹಳೇ ಮನೆ. ಅಡುಗೆಮನೆಯಲ್ಲಿ ಎರಡು ನಲ್ಲಿ. ಒಂದು ನೇರ ಕಾವೇರಿ ಲೈನು, ದಿನ ಬಿಟ್ಟು ದಿನ ಬೆಳಗ್ಗೆ ಮೂರ್ನಾಲ್ಕು ಗಂಟೆ ಬರುತ್ತೆ. ಇನ್ನೊಂದು ಟ್ಯಾಂಕ್ ನಲ್ಲಿ. ಅದೇ ಕಾವೇರಿ ನೀರು ಸಂಪಿಗೆ ಬಿದ್ದು, ಮೋಟಾರಿನಲ್ಲಿ ಮೇಲೆ ಹೋಗಿ, ಟ್ಯಾಂಕಿನಿಂದ ಇಳಿಯೋದು. ಈ ಎರಡು ನಲ್ಲಿ ವಿಷಯ ನೆನಪಿಟ್ಟುಕೊಳ್ಳಿ, ಕೊನೆಗೆ ಎಲ್ಲಾ ಅಲ್ಲಿಗೇ ಬಂದು ನಿಂತಿತು.

ವಾಸನೆ ಕ್ಲೋರಿನ್‌ದು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪೈಪಿನಲ್ಲಿ ಬರೋ ನೀರು. ದಾರಿಯಲ್ಲಿ ಎಲ್ಲಿ ಲೀಕ್ ಇದೆಯೋ, ಎಲ್ಲಿ ಮೋರಿ ಪಕ್ಕ ಹೋಗುತ್ತೋ ಯಾರಿಗೆ ಗೊತ್ತು. ಅದಕ್ಕೇ ಕ್ಲೋರಿನ್ ಜೊತೆಗೆ ಕಾವಲಿಗೆ ಬರುತ್ತೆ. ಕುಡಿಯುವ ನೀರಿನ ನಮ್ಮ ಮಾನದಂಡ ಐಎಸ್ 10500 ಪ್ರಕಾರ, ಮನೆ ತಲುಪಿದ ಮೇಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಹಾಗಾಗಿ ವಾಸನೆ ಬಂದರೆ ನೀರು ಕೆಟ್ಟಿದೆ ಅಂತಲ್ಲ, ಕಾವಲುಗಾರ ಇನ್ನೂ ಎದ್ದಿದ್ದಾನೆ ಅಂತ. ಆದರೆ ಕಾವಲುಗಾರನನ್ನು ಕಾಫಿ ಲೋಟದೊಳಗೆ ಕೂರಿಸಿಕೊಳ್ಳಬೇಕಾ?

ಈ ಕೆಲಸಕ್ಕೆ ಕಾರ್ಬನ್ ಸರಿಯಾದ ಸಾಮಾನು. ಕಾರ್ಬನ್ ಅಂದರೆ ಇದ್ದಿಲೇ. ಹೆಚ್ಚಾಗಿ ತೆಂಗಿನ ಕರಟದ್ದು. ಕರಟವನ್ನು ಇದ್ದಿಲು ಮಾಡಿ, ಆಮೇಲೆ 800 ಡಿಗ್ರಿಗಿಂತ ಜಾಸ್ತಿ ಕಾವಿನಲ್ಲಿ ಉಗಿ ಹಾಯಿಸುತ್ತಾರೆ. ಒಳಗೆಲ್ಲಾ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಆ ತೂತುಗಳ ಗೋಡೆಯನ್ನೆಲ್ಲಾ ಬಿಡಿಸಿ ಹಾಸಿದರೆ 1 ಗ್ರಾಂ ಇದ್ದಿಲಿಗೆ 1,000 ಚದರ ಮೀಟರ್ ಆಗಬಹುದು. ಬೆಂಗಳೂರಿನ ಲೆಕ್ಕದಲ್ಲಿ ಹೇಳಬೇಕಂದ್ರೆ ಒಂಬತ್ತು ತರ್ಟಿ-ಫಾರ್ಟಿ ಸೈಟು! ನೀರಿನಲ್ಲಿರೋ ಕೀಟನಾಶಕ, ವಾಸನೆ ಪದಾರ್ಥಗಳು, ಹೊಳೆ ನೀರಿನ ಎಲೆ-ಕಸದ ಅಂಶ ಕ್ಲೋರಿನ್ ಜೊತೆ ಸೇರಿ ಆಗೋ ಕ್ಲೋರೋಫಾರ್ಮ್ ತರಹದ್ದು, ಇವೆಲ್ಲಾ ಆ ಗೋಡೆಗೆ ಅಂಟಿಕೊಳ್ಳುತ್ತವೆ. ಕ್ಲೋರಿನ್ ಮಾತ್ರ ಅಂಟಿಕೊಳ್ಳೋದಲ್ಲ, ಇದ್ದಿಲನ್ನು ತಾಕಿದ ಕೂಡಲೇ ಕ್ಲೋರೈಡ್ ಆಗಿಬಿಡುತ್ತೆ. ಉಪ್ಪಿನಲ್ಲಿ ಇರುತ್ತಲ್ಲ, ಅದೇ ಕ್ಲೋರೈಡ್. ವಾಸನೆ ಇಲ್ಲ.

ಇಷ್ಟು ಓದಿಕೊಂಡು ಮೂರು ತರಹದ್ದು ತಂದೆ. ಒಟ್ಟಿಗೇ ಅಲ್ಲ, ಆರೇಳು ತಿಂಗಳಲ್ಲಿ ಒಂದೊಂದಾಗಿ. ಪರೀಕ್ಷೆಗೆ ಮೂರು ಸಾಮಾನು ಇಟ್ಟುಕೊಂಡಿದ್ದೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗೋ ಕ್ಲೋರಿನ್ ಟೆಸ್ಟ್ ಬಾಟಲಿ (ನೀರಿಗೆ ಕೆಲವು ಹನಿ ಹಾಕಿದರೆ ಕ್ಲೋರಿನ್ ಇದ್ದಷ್ಟೂ ಹಳದಿ ಆಗುತ್ತೆ, ಆಮೇಲೆ ಆ ನೀರು ಚೆಲ್ಲಿಬಿಡಿ, ವಿಷ ಅದು), ಒಂದು ಟಿಡಿಎಸ್ ಪೆನ್ನು (ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಉಪ್ಪು ಕರಗಿದೆ ಅಂತ ತೋರಿಸುತ್ತೆ), ಮತ್ತೆ ನೀರು ತುಂಬಿಸಿಟ್ಟರೆ ಕಪ್ಪಾಗೋ ಎಚ್‌ಟುಎಸ್ ಬಾಟಲಿಗಳು. ಈ ಕೊನೆಯದು 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದವರು ಹೊರತಂದ ವಿಧಾನ. ಹಳ್ಳಿಗಳಲ್ಲಿ ನೀರು ಪರೀಕ್ಷೆಗೆ ಇವತ್ತಿಗೂ ಅದೇ. ಒಂದೆರಡು ದಿನದೊಳಗೆ ಕಪ್ಪಾದರೆ ನೀರಿಗೆ ಕೊಳಚೆ ಸೇರಿರಬಹುದು ಅಂತ ಅರ್ಥ. ನಾಲ್ಕನೇ ಸಾಮಾನು ಅತ್ತೆಯ ನಾಲಿಗೆ.

ಮೊದಲನೆಯದು ನಲ್ಲಿ ಮೂತಿಗೆ ಸಿಕ್ಕಿಸೋ ಪುಟ್ಟ ಫಿಲ್ಟರ್, ಸುಮಾರು 900 ರೂಪಾಯಿ. ನಮ್ಮ ಹಳೇ ಹಿತ್ತಾಳೆ ನಲ್ಲಿಗೆ ತುದಿಯಲ್ಲಿ ತಿರುಪಿನ ಮರೆ (ಥ್ರೆಡ್) ಇಲ್ಲ, ಹಾಗಾಗಿ ರಬ್ಬರ್ ಹಾಕಿ ಕ್ಲಿಪ್ಪಿನಲ್ಲಿ ಬಿಗಿಯಬೇಕು. ಬೆಳಗ್ಗೆ ಐದೂವರೆಗೆ ಕಾವೇರಿ ಪೂರ್ತಿ ರಭಸದಲ್ಲಿ ಬಂತು ನೋಡಿ, ಫಿಲ್ಟರ್ ಟಪ್ ಅಂತ ಹಾರಿ ಪಾತ್ರೆ ಸಿಂಕಿಗೆ ಬಿತ್ತು, ನನ್ನ ನೈಟಿಯೆಲ್ಲಾ ನೀರು. ಮತ್ತೆ ಕಟ್ಟಿದೆವು. ನಲ್ಲಿ ಸಣ್ಣಗೆ ಬಿಟ್ಟರೆ ಹಳದಿ ಬಣ್ಣ ಬರಲೇ ಇಲ್ಲ, ಅಂದರೆ ಕ್ಲೋರಿನ್ ಹೋಗಿದೆ. ಪೂರ್ತಿ ತಿರುಗಿಸಿದರೆ ತಿಳಿ ಹಳದಿ ವಾಪಸ್! ಕಾರಣ ಸುಲಭ. ಅದರೊಳಗೆ ಇರೋದು ಒಂದು ಹಿಡಿ ಇದ್ದಿಲು ಕಾಳು. ನೀರು ಒಂದೆರಡು ಸೆಕೆಂಡಿನಲ್ಲಿ ಕಾಳುಗಳ ಸಂದಿ ಹುಡುಕಿಕೊಂಡು ಓಡಿಹೋಗುತ್ತೆ. ಇದ್ದಿಲು ಎಷ್ಟಿದೆ ಅನ್ನೋದಕ್ಕಿಂತ ನೀರು ಅದರ ಜೊತೆ ಎಷ್ಟು ಹೊತ್ತು ಇರುತ್ತೆ ಅನ್ನೋದು ಮುಖ್ಯ ಅಂತ ನನಗೆ ಅರ್ಥವಾಗಿದ್ದು ಇಲ್ಲೇ. ಎರಡು ತಿಂಗಳಿಗೆ ಸಣ್ಣಗೆ ಬಿಟ್ಟರೂ ವಾಸನೆ ಬರೋಕೆ ಶುರುವಾಯ್ತು. ಬಾಡಿಗೆ ಮನೆಯವರಿಗೆ, ಒಬ್ಬರೇ ಇರೋರಿಗೆ ಪರವಾಗಿಲ್ಲ. ನಮಗಲ್ಲ.

ಎರಡನೆಯದು ಜಗ್. ಮೇಲೆ ನೀರು ಸುರಿದರೆ ಕಾರ್ಟ್ರಿಡ್ಜ್ ಮೂಲಕ ನಿಧಾನಕ್ಕೆ ಕೆಳಗಿಳಿಯುತ್ತೆ. ರುಚಿಯಲ್ಲಿ ಇದೇ ಗೆದ್ದಿದ್ದು, ಅದರಲ್ಲಿ ಎರಡು ಮಾತಿಲ್ಲ. ನಾಲ್ಕು ಲೋಟದ ತಳಕ್ಕೆ ನಂಬರ್ ಅಂಟಿಸಿ ಅತ್ತೆಗೆ ಕೊಟ್ಟೆ, ಮೂರು ಸಲವೂ ಜಗ್ಗಿನದನ್ನೇ "ಇದು ಬಾವಿ ನೀರಿನ ಹಾಗಿದೆ" ಅಂತ ಎತ್ತಿಕೊಂಡರು. ನೀರು ನಿಧಾನಕ್ಕೆ ಇಳಿಯುತ್ತಲ್ಲ, ಅದೇ ಗುಟ್ಟು. ಇಂಥ ಕಾರ್ಟ್ರಿಡ್ಜಿನಲ್ಲಿ ಇದ್ದಿಲಿನ ಜೊತೆ ರೆಸಿನ್ ಅನ್ನೋ ಸಣ್ಣ ಮಣಿಗಳೂ ಇರುತ್ತವೆ, ಅದು ನೀರಿನ ಗಡಸುತನವನ್ನೂ ಸ್ವಲ್ಪ ಇಳಿಸುತ್ತೆ.

ಆದರೆ ಲೆಕ್ಕ ಹಾಕಿದರೆ ತಲೆ ತಿರುಗುತ್ತೆ. ಕಾರ್ಟ್ರಿಡ್ಜಿಗೆ 150 ಲೀಟರ್ ಅಂತ ಬರೆದಿರುತ್ತಾರೆ. ಡಬ್ಬದ ಮೇಲಿನ ಚಿತ್ರದಲ್ಲಿ ಒಂದು ಲೋಟ, ಒಂದು ನಿಂಬೆಹಣ್ಣಿನ ಹೋಳು. ನಮ್ಮನೆಯಲ್ಲಿ ಕುಡಿಯೋಕೆ, ಅನ್ನಕ್ಕೆ, ಸಾರಿಗೆ, ಕಾಫಿಗೆ ಸೇರಿ ದಿನಕ್ಕೆ 10 ಲೀಟರ್ ಬೇಕು. ಹದಿನೈದು ದಿನಕ್ಕೆ ಮುಗೀತು! ಕುಡಿಯೋಕೆ ಮಾತ್ರ ಅಂದುಕೊಂಡರೂ ತಿಂಗಳು ದಾಟಲ್ಲ. ಇನ್ನೊಂದು ಎಡವಟ್ಟು ಮಾಡಿದೆ. ಹಬ್ಬಕ್ಕೆ ಚಿಂತಾಮಣಿಗೆ ಹೋಗುವಾಗ ಜಗ್ಗನ್ನು ಅರ್ಧ ನೀರಿನ ಸಮೇತ ಹೊರಗೇ ಬಿಟ್ಟು ಹೋಗಿದ್ದೆ. ಹತ್ತು ದಿನ ಕಳೆದು ಬಂದರೆ ನೀರಿಗೆ ಒದ್ದೆ ಬಟ್ಟೆ ವಾಸನೆ. ಕ್ಲೋರಿನ್ ತೆಗೆದ ಮೇಲೆ ಆ ನೀರಿಗೆ ಕಾವಲಿಲ್ಲ. ಇದ್ದಿಲಿನ ತೂತುಗಳಲ್ಲಿ ತಿನ್ನೋಕೆ ಬೇಕಾದ್ದೆಲ್ಲಾ ಇರುತ್ತೆ, ಬ್ಯಾಕ್ಟೀರಿಯಾ ಸಂಸಾರ ಹೂಡದೆ ಬಿಡುತ್ತಾ? ಆ ಕಾರ್ಟ್ರಿಡ್ಜ್ ಎಸೆದೆ.

ಮೂರನೆಯದು ಸಿಂಕ್ ಕೆಳಗೆ ಕೂರಿಸೋ 10 ಇಂಚಿನದು. ಎರಡು ಪ್ಲಾಸ್ಟಿಕ್ ಹೌಸಿಂಗು. ಮೊದಲನೆಯದರಲ್ಲಿ ಕೆಸರು ಹಿಡಿಯೋ ಬಿಳಿ ಸ್ಪನ್ ಫಿಲ್ಟರ್, ಎರಡನೆಯದರಲ್ಲಿ ಕಾರ್ಬನ್ ಬ್ಲಾಕ್. ಪ್ಲಂಬರ್ ಕೂಲಿ ಸೇರಿ 3,000 ಒಳಗೇ ಆಯ್ತು. ಬ್ಲಾಕ್ ಅಂದರೆ ಇದ್ದಿಲು ಪುಡಿಯನ್ನು ಒತ್ತಿ ಗಟ್ಟಿ ಮಾಡಿದ ಕೊಳವೆ. ಕಾಳಿನಲ್ಲಿ ಆಗೋ ಹಾಗೆ ನೀರು ಸಂದಿ ಹುಡುಕಿ ಓಡೋಕಾಗಲ್ಲ, ಗೋಡೆಯ ಮೂಲಕವೇ ನುಸುಳಬೇಕು. ನಾನು ತಂದಿದ್ದರ ತೂತು 0.5 ಮೈಕ್ರಾನಿನದು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಜಿಯಾರ್ಡಿಯಾ ಥರದ ಹೊಟ್ಟೆ ಕೆಡಿಸೋ ಪರಾವಲಂಬಿಗಳ ಚೀಲ 8-12 ಮೈಕ್ರಾನ್ ಇರೋದರಿಂದ ಅದು ಇಲ್ಲಿ ದಾಟಲ್ಲ. ವೈರಸ್ ಆರಾಮಾಗಿ ದಾಟುತ್ತೆ, ಅದು ಬೇರೆ ಮಾತು.

ಮೊದಲ ದಿನ ಕರೀ ನೀರು ಬಂತು, ಹೆದರಬೇಡಿ, ಇದ್ದಿಲಿನ ಪುಡಿ. ಒಂದೂವರೆ ಬಕೆಟ್ ಹೋದ ಮೇಲೆ ತಿಳಿಯಾಯ್ತು, ಅದನ್ನೆಲ್ಲಾ ಅತ್ತೆ ಕರಿಬೇವಿನ ಗಿಡಕ್ಕೆ ಹಾಕಿದರು. ಪ್ಲಂಬರ್ ಇದನ್ನು ಮೊದಲು ಟ್ಯಾಂಕ್ ಲೈನಿಗೆ ಕೊಟ್ಟಿದ್ದ. ನೀರು ದಾರದ ಹಾಗೆ ಇಳೀತಿತ್ತು, ಒಂದು ಬಿಂದಿಗೆ ತುಂಬೋಷ್ಟರಲ್ಲಿ ಧಾರಾವಾಹಿ ಮುಗೀತಿತ್ತು. ಟ್ಯಾಂಕ್ ನಮ್ಮ ತಲೆ ಮೇಲೆ ಬರೀ ಮೂರು ಮೀಟರ್ ಎತ್ತರದಲ್ಲಿದೆ, ಅಷ್ಟರಿಂದ ಸಿಗೋ ಒತ್ತಡ 0.3 ಬಾರ್, ಗಟ್ಟಿ ಬ್ಲಾಕಿಗೆ ಅದು ಸಾಲಲ್ಲ. ಕಾವೇರಿ ನೇರ ಲೈನಿಗೆ ಬದಲಾಯಿಸಿದ ಮೇಲೆ ಸರಿಹೋಯ್ತು. ಪೂರ್ತಿ ಬಿಟ್ಟರೂ ಟೆಸ್ಟ್ ಟ್ಯೂಬಿನಲ್ಲಿ ಹಳದಿ ಇಲ್ಲ. ಬಿಳಿ ಸ್ಪನ್ ಮಾತ್ರ ಮೂರೇ ವಾರಕ್ಕೆ ಕಾಫಿ ಬಣ್ಣಕ್ಕೆ ತಿರುಗಿತ್ತು. ಅದಿಲ್ಲದಿದ್ದರೆ ಆ ಕೆಸರೆಲ್ಲಾ ಕಾರ್ಬನ್ನಿಗೆ ಮೆತ್ತಿಕೊಳ್ತಿತ್ತು.

ಈಗ ಆ ಎರಡು ನಲ್ಲಿ ವಿಷಯ. ಒಂದಿನ ಸುಮ್ನೆ ಟ್ಯಾಂಕ್ ನೀರಿಗೂ ಕ್ಲೋರಿನ್ ಹನಿ ಹಾಕಿ ನೋಡಿದೆ, ಫಿಲ್ಟರ್ ಇಲ್ಲದೆ. ಬಣ್ಣವೇ ಬರಲಿಲ್ಲ! ಬಾಟಲಿ ಹಳೇದಾಯ್ತೇನೋ ಅಂತ ನೇರ ಲೈನಿನ ನೀರಿಗೆ ಹಾಕಿದರೆ ಚೆನ್ನಾಗಿ ಹಳದಿ. ಸಂಪಿನಲ್ಲಿ ಒಂದು ದಿನ, ಟ್ಯಾಂಕಿನಲ್ಲಿ ಒಂದು ದಿನ ಕೂತ ನೀರಿನಲ್ಲಿ ಕ್ಲೋರಿನ್ ತಾನೇ ಖಾಲಿಯಾಗಿತ್ತು. ಅಂದರೆ ಇಷ್ಟು ದಿನ ಟ್ಯಾಂಕ್ ನಲ್ಲಿಗೆ ಫಿಲ್ಟರ್ ಹಾಕಿ "ಆಹಾ ವಾಸನೆಯೇ ಇಲ್ಲ" ಅಂತ ಹೊಗಳುವವರು ಇಲ್ಲದ ಶತ್ರುವನ್ನು ಸೋಲಿಸಿದ್ದಾರೆ ಅಷ್ಟೇ. ಎಚ್‌ಟುಎಸ್ ಬಾಟಲಿಗಳಿಗೆ ಹಾಕಿದ್ದು ಹೀಗಿದೆ: ನೇರ ಕಾವೇರಿ ನೀರು ಎರಡು ದಿನವಾದರೂ ಕಪ್ಪಾಗಲಿಲ್ಲ. ಟ್ಯಾಂಕ್ ನೀರು ಮಾರನೇ ಸಂಜೆಗೆ ಕಪ್ಪು. ಅದೇ ಟ್ಯಾಂಕ್ ನೀರನ್ನು ಜಗ್ಗಿನಲ್ಲಿ ಸೋಸಿದ್ದು, ಅದೂ ಕಪ್ಪು. ಕುದಿಸಿದ್ದು ಹಾಗೇ ಇತ್ತು. ಟ್ಯಾಂಕ್ ಹತ್ತಿ ನೋಡಿದರೆ ಮುಚ್ಚಳ ಒಂದು ಕಡೆ ಸೀಳಿದೆ, ಪಕ್ಕದಲ್ಲೇ ಪಾರಿವಾಳದ ಗೂಡು. ಹೇಳೋಕೂ ನಾಚಿಕೆ.

ಹಾಗಂತ ಜಗ್ ಮೋಸ ಮಾಡಿದ್ದಲ್ಲ. ಕ್ರಿಮಿ ಇಲ್ಲದ ನೀರಿಗೆ ಮಾತ್ರ ಬಳಸಿ ಅಂತ ಅದರ ಜೊತೆ ಬಂದ ಚೀಟಿಯಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾವು ಓದಿರಲಿಲ್ಲ. ಮುಚ್ಚಳ ಬದಲಾಯಿಸಿ, ಟ್ಯಾಂಕ್ ಮತ್ತು ಸಂಪು ತೊಳೆಸಿದೆವು. ಅದಕ್ಕೆ ಆದ ಖರ್ಚು ಮೂರೂ ಫಿಲ್ಟರಿಗಿಂತ ಕಮ್ಮಿ.

ಟಿಡಿಎಸ್ ಪೆನ್ನಿನ ಬಗ್ಗೆ ಒಂದು ಮಾತು. ಪಕ್ಕದ ಮನೆಯವರು ಬಂದು ನೋಡಿ, ಫಿಲ್ಟರ್ ಮುಂಚೆ 180, ಆಮೇಲೂ 180, "ನಿಮ್ಮ ಫಿಲ್ಟರ್ ಕೆಲಸವೇ ಮಾಡ್ತಿಲ್ಲ ಕಣ್ರೀ" ಅಂದರು. ನೀರಿನಲ್ಲಿ ಕರಗಿದ ಉಪ್ಪನ್ನು ಕಾರ್ಬನ್ ಮುಟ್ಟೋದೇ ಇಲ್ಲ, ಪೆನ್ನು ಅಳೆಯೋದು ಉಪ್ಪನ್ನು ಮಾತ್ರ. ಕ್ಲೋರೋಫಾರ್ಮ್, ಕೀಟನಾಶಕ ಅದಕ್ಕೆ ಕಾಣಲ್ಲ. ಅವರ ಮನೆಗೆ ಆರ್‌ಒ (ಕರಗಿದ ಉಪ್ಪನ್ನೂ ತೆಗೆಯೋ ಫಿಲ್ಟರ್) ಮಾರೋಕೆ ಬಂದವನು ನೀರಿಗೆ ಎರಡು ಕಂಬಿ ಇಳಿಸಿ ಕರೆಂಟ್ ಕೊಟ್ಟು, ನೀರು ಕಂದು ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿ "ಇಷ್ಟು ಕೊಳೆ ಕುಡೀತಿದ್ದೀರಿ" ಅಂದನಂತೆ. ಅದು ಕೊಳೆಯಲ್ಲ, ಕಬ್ಬಿಣದ ಕಂಬಿಯೇ ಕರಗಿ ಬಂದ ತುಕ್ಕು. ಆರ್‌ಒ ನೀರಿನಲ್ಲಿ ಉಪ್ಪು ತೀರಾ ಕಮ್ಮಿ, ಕರೆಂಟ್ ಅಷ್ಟಾಗಿ ಹರಿಯಲ್ಲ, ಹಾಗಾಗಿ ಬಣ್ಣ ಬರಲ್ಲ. ಅವರು ತಗೊಂಡೇಬಿಟ್ಟರು, ಈಗ 180 ಇದ್ದ ನೀರು 20 ಆಗುತ್ತೆ, ಒಂದು ಬಿಂದಿಗೆ ಸಿಗೋಕೆ ಮೂರು ಬಿಂದಿಗೆ ಮೋರಿಗೆ. ಐಎಸ್ 10500 ಪ್ರಕಾರ 500ರ ತನಕ ಯಾವ ತಕರಾರೂ ಇಲ್ಲ. ಅದಕ್ಕಿಂತ ಕಮ್ಮಿ ಇರೋ ಕಡೆ ಆರ್‌ಒ ನಿಷೇಧಿಸಿ ಅಂತ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು.

ಚಿಂತಾಮಣಿಯ ಮಾತೇ ಬೇರೆ. ನನ್ನ ತವರಲ್ಲಿ ಬೋರ್ ನೀರು, ಪೆನ್ನು ಇಟ್ಟರೆ 1,100 ತೋರಿಸ್ತು. ಆ ಕಡೆಯೆಲ್ಲಾ ಫ್ಲೋರೈಡ್ ಕಾಟ, ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಅಪ್ಪ "ನನಗೂ ಒಂದು ಜಗ್ ತಂದುಕೊಡೇ" ಅಂದಾಗ ಬೇಡ ಅಂದೆ. ಫ್ಲೋರೈಡ್, ನೈಟ್ರೇಟ್ ಎರಡನ್ನೂ ಕಾರ್ಬನ್ ಹಿಡಿಯಲ್ಲ. ಅಲ್ಲಿ ಆರ್‌ಒ ಬೇಕೇ ಬೇಕು. ಅಪ್ಪ ಈಗಲೂ 5 ರೂಪಾಯಿ ಕಾಯಿನ್ ಹಾಕಿ ಊರಿನ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತುಂಬಿಸಿಕೊಂಡು ಟಿವಿಎಸ್‌ನಲ್ಲಿ ತರ್ತಾರೆ.

ನೀವು ಕೊಳ್ಳೋದಾದರೆ ಡಬ್ಬದ ಮೇಲೆ ಎನ್‌ಎಸ್‌ಎಫ್ (ಫಿಲ್ಟರ್‌ಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡೋ ಸಂಸ್ಥೆ) ನಂಬರ್ ನೋಡಿ. 42 ಅಂತಿದ್ದರೆ ಕ್ಲೋರಿನ್, ರುಚಿ, ವಾಸನೆಗೆ ಪಾಸಾಗಿದೆ ಅಂತ. 53 ಇದ್ದರೆ ಆರೋಗ್ಯಕ್ಕೆ ಸಂಬಂಧಿಸಿದ್ದು. ಸೀಸವೋ, ಪರಾವಲಂಬಿಯೋ, ಯಾವುದಕ್ಕೆ ಪಾಸಾಗಿದೆ ಅಂತ ಜೊತೆಗೇ ಬರೆದಿರುತ್ತಾರೆ. ಬರೀ 'ಕಾರ್ಬನ್ ಟೆಕ್ನಾಲಜಿ' ಅಂತ ಹಾಕಿದ್ದಕ್ಕೆ ಬೆಲೆ ಕೊಡಬೇಡಿ. ಬಿಸಿನೀರು ಹಾಯಿಸಬೇಡಿ, ಇದ್ದಿಲು ಹಿಡಿದಿದ್ದನ್ನು ಬಿಟ್ಟುಬಿಡಬಹುದು. ಬೆಳಗ್ಗೆ ಮೊದಲ ಎರಡು ಚೊಂಬು ನೀರು ಪಾತ್ರೆ ತೊಳೆಯೋಕೆ ಹೋಗಲಿ. ವಾಸನೆ ವಾಪಸ್ ಬರೋ ತನಕ ಕಾಯ್ತೀನಿ ಅನ್ನೋರು ಇನ್ನೊಂದು ತಿಳ್ಕೊಳ್ಳಿ: ಕ್ಲೋರಿನ್ ಹಿಡಿಯೋ ಶಕ್ತಿ ಇನ್ನೂ ಇರುವಾಗಲೇ ಕ್ಲೋರೋಫಾರ್ಮ್ ಥರದ್ದನ್ನು ಹಿಡಿಯೋ ಶಕ್ತಿ ಮುಗಿದಿರುತ್ತೆ. ಮೂಗು ಅದನ್ನು ಹೇಳಲ್ಲ.

ನಮ್ಮನೆಯಲ್ಲಿ ಕೊನೆಗೆ ಉಳಿದಿದ್ದು ಸಿಂಕ್ ಕೆಳಗಿನದು, ಅದೂ ನೇರ ಲೈನಿಗೆ. ಕಾವೇರಿ ಬಂದ ದಿನ ಎರಡು ಸ್ಟೀಲ್ ಕೊಳಗ ತುಂಬಿಸಿ ಮುಚ್ಚಿಡ್ತೀವಿ, ಕ್ಲೋರಿನ್ ಇಲ್ಲದ ನೀರು ಅಂತ ನೆನಪಿಟ್ಟುಕೊಂಡು ಮುಂದಿನ ಸಲಕ್ಕೆ ಖಾಲಿ ಮಾಡಿ ತೊಳೀತೀವಿ. ಕುಡಿಯೋದನ್ನು ಅತ್ತೆ ಈಗಲೂ ಕುದಿಸ್ತಾರೆ. ಫಿಲ್ಟರ್ ಇದೆಯಲ್ಲ ಅಂದರೆ, "ಪೈಪ್ ಒಡೆದ ದಿನ ನಿನ್ನ ಫಿಲ್ಟರ್ ನನಗೆ ಫೋನ್ ಮಾಡಿ ಹೇಳುತ್ತೇನೇ?" ಅಂತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಹೌಸಿಂಗ್ ಮೇಲೆ ಮಾರ್ಕರಿನಲ್ಲಿ ಬ್ಲಾಕ್ ಬದಲಾಯಿಸೋ ತಾರೀಖು ಬರೆದಿಟ್ಟಿದ್ದೀನಿ, ಇನ್ನು ಹನ್ನೊಂದು ದಿನ ಇದೆ.